ಸುಪ್ರಿಯಾಳ ಹರಕೆ

ಕವಲೇದುರ್ಗದ ಕೆಳಗಿನ ಊರು
12 ಆಗಸ್ಟ್ 2025

ಸುಪ್ರಿಯಾ,

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಅರ್ಧ ಪುಟ ತುಂಬಿಸುವಷ್ಟು ಪುರುಸೊತ್ತು ನನಗಿಲ್ಲ. ನಲವತ್ತೊಂದು ಮಕ್ಕಳ ಅನ್ನದ ಪಾತ್ರೆ ಉಜ್ಜಿ ಮಗುಚಿಟ್ಟು, ಶಾಲೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನು ಮಾಡೋಣವೆಂದರೆ ನಿಮ್ಮ ಕಳಸವಳ್ಳಿಯಲ್ಲಿ ಸಿಗ್ನಲ್ ಇರುವುದಿಲ್ಲ, ಇಲ್ಲಿ ಗುಡ್ಡ ಹತ್ತಬೇಕು. ಸಿಕ್ಕಿದರೂ ನೀನು "ಹೂಂ ಅವ್ವ, ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಕೇಳಲೇಬೇಕು.

ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಮನೆಯ ಸುಬ್ಬಪ್ಪ ಹೊಸ ಸೇತುವೆ ನೋಡಿ ಬರುತ್ತೇನೆಂದು ಹೋದ ವಾರ ಸಿಗಂದೂರಿಗೆ ಹೋಗಿದ್ದ. ದೇವಸ್ಥಾನದಲ್ಲಿ ಮಧ್ಯಾಹ್ನದ ಊಟದ ಸಾಲಿನಲ್ಲಿ ನಿನ್ನನ್ನು ಕಂಡನಂತೆ. ಕೂಗಿ ಮಾತಾಡಿಸುವಷ್ಟರಲ್ಲಿ ನೀನು ಎದ್ದು ಹೋಗಿಬಿಟ್ಟೆಯಂತೆ. ನಿನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಆ ಹುಡ್ಗಿನಾ? ಮಂಗಳವಾರ ಶುಕ್ರವಾರ ತಪ್ಸದೇ ಇಲ್ಲ" ಎಂದಳಂತೆ. ಸುಬ್ಬಪ್ಪ ಬಸ್ಸಿಳಿದವನು ತನ್ನ ಮನೆಗೂ ಹೋಗದೆ ನನ್ನ ಒಲೆಯ ಮುಂದೆ ಬಂದು ಕೂತ. "ವೆಂಕಮ್ಮಕ್ಕ, ನಿನ್ ಮಗ್ಳು ಭಾರೀ ಭಕ್ತೆ ಆಗಿದಾಳೆ ಕಣೇ" ಎಂದ. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಅಷ್ಟೆ.

ನನಗೆ ಅರ್ಥವಾಗದ್ದೇನಲ್ಲ. ಮದುವೆಯಾಗಿ ಐದು ವರ್ಷವಾಯಿತು. ಒಂದು ದಿನವೂ ನಾನು ನಿನ್ನನ್ನು ಆ ಮಾತು ಕೇಳಿದವಳಲ್ಲ. ಈಗಲೂ ಕೇಳುವುದಿಲ್ಲ. ಆದರೆ ನೀನಾಗಿಯೇ ದೇವಿಯ ಹತ್ತಿರ ಹೋದೆಯಲ್ಲ, ಅದು ನನಗೆ ಸಾಕು. ಮೊನ್ನೆ ಮಧ್ಯಾಹ್ನ ಇಲ್ಲೇ ಅಕ್ಕಿಚೀಲಕ್ಕೆ ಒರಗಿ ಕಣ್ಣು ಮುಚ್ಚಿದ್ದೆ. ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಾಗಿ ಬಂದ ಹಾಗೆ ಕಂಡಿತು. ಬಡಿಸುತ್ತ ಹೋದೆ. ಕೊನೆಯಲ್ಲಿ ಒಂದು ಮಗು ಜಾಸ್ತಿ ಇತ್ತು. ಹಾಜರಿ ಪುಸ್ತಕದಲ್ಲಿ ಅದರ ಹೆಸರಿಲ್ಲ. ಮೂಗು ನಿನ್ನದು. ನಾನು ಸೌಟು ಎತ್ತಿಕೊಂಡೇ ನಿಂತುಬಿಟ್ಟಿದ್ದೆ, ಅದು ತಟ್ಟೆ ಚಾಚಿಕೊಂಡೇ ಇತ್ತು.

ಉಳಿದಂತೆ ಇಲ್ಲಿ ತೆಂಗಿನಕಾಯಿಯ ರೇಟು ಕೇಳಿದರೆ ಅಂಗಡಿಯಿಂದ ಹಾಗೇ ಇಳಿದು ಬರಬೇಕು. ನಿನ್ನ ಅಣ್ಣ ಪೂರ್ಣೇಶ ಪಿಕಪ್ ಓಡಿಸಿ ತಂದದ್ದೆಲ್ಲ ದಿನಸಿ ಅಂಗಡಿಗೇ ಹೋಗುತ್ತದೆ. ನಿನ್ನ ಅತ್ತಿಗೆ ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ಒಂದು ತೂತು ಹೊಡೆದಿದ್ದಾಳೆ. ಬಗ್ಗಿಸಿದರೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ಒಗ್ಗರಣೆ ಹಾಕುವಷ್ಟರಲ್ಲಿ ಸಾಸಿವೆಗೆ ಬೇಜಾರು ಬರುತ್ತದೆ.

ಬರೆ. ಒಂದು ಸಾಲಾದರೂ ಬರೆ.

ನಿನ್ನ ಅವ್ವ,
ವೆಂಕಮ್ಮ

*

(ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡದ್ದು)

ಕಳಸವಳ್ಳಿ
20 ಆಗಸ್ಟ್ 2025

ಅವ್ವ,

ಸುಬ್ಬಪ್ಪಣ್ಣನನ್ನು ನಾನೂ ನೋಡಿದೆ. ನೋಡಿಯೇ ಎದ್ದದ್ದು. ಪಾಯಸ ಇನ್ನೂ ಬಂದಿರಲಿಲ್ಲ.

ಅದು ಹರಕೆಯಲ್ಲ ಅವ್ವ. ಊಟಕ್ಕೇ ಹೋಗುವುದು.

ಸೇತುವೆ ಆಗುವವರೆಗೆ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಜನರೇ ನಮ್ಮ ಗಿರಾಕಿಗಳು. ಒಂದು ಗಂಟೆ ಕಾಯುವವರು ಎರಡು ಚಹಾ ಕುಡಿಯುತ್ತಿದ್ದರು, ಮಕ್ಕಳಿಗೆ ಬಜ್ಜಿ ಕೊಡಿಸುತ್ತಿದ್ದರು. ಈಗ ಕಾರುಗಳು ನೀರಿನ ಮೇಲೆ ಹಾಗೇ ಹಾದು ಹೋಗುತ್ತವೆ. ಯಾರಿಗೂ ಕಾಯುವ ಕೆಲಸವಿಲ್ಲ. ಒಂದು ವಾರ ಇವರು ಸುಮ್ಮನೆ ಒಲೆ ಹಚ್ಚಿಕೊಂಡು ಕೂತರು. ಆಮೇಲೆ ಅಂಗಡಿಗೆ ತಟ್ಟಿ ಕಟ್ಟಿ, ಆಚೆ ದಡದಲ್ಲಿ ಗಾರೆಯವರ ಜೊತೆ ಕೆಲಸಕ್ಕೆ ಸೇರಿದರು. ಮಧ್ಯಾಹ್ನ ಅಲ್ಲೇ ಊಟ ಕೊಡುತ್ತಾರೆ. ಕೂಲಿ ವಾರಕ್ಕೊಮ್ಮೆ. ದಿನಸಿಯ ರೇಟು ಮಾತ್ರ ವಾರ ಕಾಯುವುದಿಲ್ಲ.

ಬೆಳಿಗ್ಗೆ ಗಂಜಿ, ರಾತ್ರಿ ಇಬ್ಬರಿಗೂ ಅಡುಗೆ. ಮಧ್ಯಾಹ್ನ ನಾನೊಬ್ಬಳೇ. ನನ್ನೊಬ್ಬಳಿಗಾಗಿ ಬೇಳೆ ಹಾಕುವುದೇಕೆ ಅನ್ನಿಸಿತು. ಮೊದಲು ಒಂದು ಶುಕ್ರವಾರ ಹೋದೆ. ಒಂದು ಗಂಟೆಯ ನಡಿಗೆ. ಕೈಮುಗಿದೆ, ಉಂಡೆ, ಬಂದೆ. ಆ ದಿನ ಉಳಿದ ಬೇಳೆ ಮಾರನೆಯ ದಿನ ಇವರ ತಟ್ಟೆಗೆ ಗಟ್ಟಿ ಸಾರಾಯಿತು. ಇವರು ಬಾಯಿ ಚಪ್ಪರಿಸಿ ಉಂಡರು. ನನಗೆ ಅಷ್ಟೇ ಸಾಕಾಯಿತು. ಆಮೇಲೆ ಮಂಗಳವಾರ ಸೇರಿತು. ನಿಜ ಹೇಳುತ್ತೇನೆ, ಬುಧವಾರವೂ ಹೋಗುತ್ತೇನೆ, ಆದರೆ ಬೇರೆ ಪಂಕ್ತಿಯಲ್ಲಿ ಕೂರುತ್ತೇನೆ. ಇವರಿಗೆ ಗೊತ್ತಿಲ್ಲ. "ಮಧ್ಯಾಹ್ನ ಎಂತ ಮಾಡಿದ್ಯೇ?" ಎಂದು ದಿನಾ ಕೇಳುತ್ತಾರೆ. ನಾನು ದಿನಾ ಒಂದು ಸೊಪ್ಪಿನ ಹೆಸರು ಹೇಳುತ್ತೇನೆ.

ನಿನಗೆ ಹೇಗೆ ಬರೆಯಲಿ? ಮದುವೆ ಗೊತ್ತಾದಾಗ "ಚಾ ಅಂಗ್ಡಿ ನಂಬ್ಕಂಡು ಹೋಗ್ತೀಯಾ?" ಎಂದೆ ನೀನು. ಒಂದು ಹಿಡಿ ಅಕ್ಕಿಗೂ ನಿನ್ನ ಬಾಗಿಲಿಗೆ ಬರುವುದಿಲ್ಲ ಎಂದೆ ನಾನು. ಆಮೇಲೆ ಇಬ್ಬರೂ ಆ ಮಾತು ಎತ್ತಿಲ್ಲ. ಈಗ ಬರೆದರೆ ನೀನು ಓದುವ ಮುಖ ನನ್ನ ಕಣ್ಣಿಗೆ ಕಟ್ಟುತ್ತದೆ.

ಇದನ್ನು ಅಕ್ಕಿ ಡಬ್ಬಿಯ ಕೆಳಗೆ ಇಡುತ್ತೇನೆ.

ಸುಪ್ರಿಯಾ

*

ಕಳಸವಳ್ಳಿ
21 ಆಗಸ್ಟ್ 2025

ಅವ್ವ,

ನಿನ್ನ ಕಾಗದ ಬಂತು. ಪೋಸ್ಟ್‌ಮ್ಯಾನ್ ಕನ್ನಪ್ಪಣ್ಣ "ಈಗಿನ ಕಾಲದಲ್ಲೂ ಕಾಗ್ದ ಬರೀತಾರಾ ಮಾರಾಯ್ತಿ?" ಎಂದು ನಕ್ಕು ಕೊಟ್ಟರು.

ಹರಕೆಯ ವಿಷಯ ಬಾಯಿ ಬಿಟ್ಟು ಹೇಳಬಾರದು ಎಂದು ನಮಗೆ ಕಲಿಸಿದವಳು ನೀನೇ. ಆದ್ದರಿಂದ ನಾನು ಏನೂ ಹೇಳುವುದಿಲ್ಲ. ನೀನೂ ಕೇಳಬೇಡ.

ಇವರು ಚೆನ್ನಾಗಿದ್ದಾರೆ, ಕೈತುಂಬ ಕೆಲಸ. ದೇವಸ್ಥಾನಕ್ಕೆ ನಡೆದು ಹೋಗುವ ದಾರಿ ಈಗ ಬಹಳ ಚೆಂದ. ಬೆಳಿಗ್ಗೆ ಹನ್ನೊಂದರವರೆಗೂ ಹಿನ್ನೀರಿನ ಮೇಲೆ ಮಂಜು ಇರುತ್ತದೆ. ಸೇತುವೆಯ ಕಂಬಗಳು ಕಾಣುವುದಿಲ್ಲ, ಮೇಲಿನ ರಸ್ತೆ ಮಾತ್ರ ಕಾಣುತ್ತದೆ. ಬಸ್ಸು ಮಂಜಿನ ಮೇಲೆ ಹೋದ ಹಾಗಿರುತ್ತದೆ. ನೀರಿನ ಅಡಿಯಲ್ಲಿ ಮುಳುಗಿದ ಗದ್ದೆಗಳಿವೆಯಂತೆ. ಅಲ್ಲಿ ಇನ್ನೂ ಯಾರೋ ನಾಟಿ ಮಾಡುತ್ತಿದ್ದಾರೆ, ಅಕ್ಕಿ ಅಲ್ಲಿ ಹಳೆಯ ರೇಟಿಗೇ ಸಿಗುತ್ತದೆ ಎಂದು ನಡೆಯುತ್ತ ನಡೆಯುತ್ತ ಅಂದುಕೊಳ್ಳುತ್ತೇನೆ. ಹುಚ್ಚು.

ನಿನ್ನ ಸೊಂಟನೋವು ಹೇಗಿದೆ?

ಸುಪ್ರಿಯಾ

*

ಕವಲೇದುರ್ಗದ ಕೆಳಗಿನ ಊರು
9 ಸೆಪ್ಟೆಂಬರ್ 2025

ಸುಪ್ರಿಯಾ,

ಹೇಳುವುದಿಲ್ಲ ಎಂದು ಹೇಳಿದೆಯಲ್ಲ, ಅದರಲ್ಲೇ ಎಲ್ಲ ಹೇಳಿದ ಹಾಗಾಯಿತು. ನಿನ್ನನ್ನು ಹೆತ್ತವಳು ನಾನು ಮಾರಾಯ್ತಿ.

ನಿನ್ನೊಬ್ಬಳ ಮೇಲೆಯೇ ಭಾರ ಹಾಕಿ ಕೂರುವುದು ನನಗೆ ಸರಿ ಕಾಣಲಿಲ್ಲ. ಹೋದ ಶುಕ್ರವಾರ ಮಿಂದು, ದೀಪ ಹಚ್ಚಿ, ನಾನೂ ಒಪ್ಪೊತ್ತು ಹಿಡಿದಿದ್ದೇನೆ. ಶಾಲೆಯಲ್ಲಿ ಮಧ್ಯಾಹ್ನ ಒಂದು ಊಟ, ರಾತ್ರಿ ನೀರು. ನಿನ್ನ ಹರಕೆ ಕೈಗೂಡುವವರೆಗೆ ಹೀಗೆ. ಪೂರ್ಣೇಶ ಒಂದು ದಿನ ಮುಖ ಊದಿಸಿಕೊಂಡ. "ತಂಗಿಗೋಸ್ಕರ" ಎಂದೆ. ಆಮೇಲೆ ತಡೆಯಲಿಲ್ಲ.

ನನ್ನ ಹಳೆಯ ಎರಡು ಸೀರೆ ಹರಿದು ಕೌದಿ ಹೊಲಿಯಲು ಕೂತಿದ್ದೇನೆ. ಚಿಕ್ಕದು, ಒಂದೂವರೆ ಮೊಳದ್ದು. ರಾತ್ರಿ ಅವರೆಲ್ಲ ಉಣ್ಣುವ ಹೊತ್ತಿಗೆ ನಾನು ಜಗಲಿಯಲ್ಲಿ ಸೂಜಿ ಹಿಡಿದಿರುತ್ತೇನೆ. ಒಳಗೆ ತಟ್ಟೆಯ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ದೂರ ಹೋಗುತ್ತದೆ. ಹೊಟ್ಟೆ ಹಗುರವಾದರೆ ತಲೆಯೂ ಹಗುರವಾಗುತ್ತದೆ ನೋಡು, ನಾನು ಎದ್ದು ಕೋಟೆಯ ಮೆಟ್ಟಿಲು ಹತ್ತಿ ಹೋದ ಹಾಗೆ, ಮೇಲೆ ಯಾರೋ ಹಾಲಿಗೆ ಅಳುತ್ತಿರುವ ಹಾಗೆ ಅನ್ನಿಸುತ್ತದೆ. ಕಣ್ಣು ಬಿಟ್ಟರೆ ಬೆರಳಿಗೆ ಸೂಜಿ ಚುಚ್ಚಿರುತ್ತದೆ.

ಶಾಲೆಯಲ್ಲಿ ತೆಂಗಿನಕಾಯಿ ಬಿಟ್ಟು ಅಡುಗೆ ಮಾಡುವುದನ್ನು ಕಲಿತಿದ್ದೇನೆ. ಅಮಟೆಕಾಯಿ ಜಜ್ಜಿ ಹಾಕಿ, ಮೊಗೆಕಾಯಿ ಬೇಯಿಸಿ, ಸ್ವಲ್ಪ ಅಕ್ಕಿ ಅರೆದು ಬೆರೆಸಿದರೆ ಸಾಂಬಾರು ಗಟ್ಟಿಯಾಗಿಯೇ ಕಾಣುತ್ತದೆ. ಒಬ್ಬ ಹುಡುಗ ಮಾತ್ರ "ಅಜ್ಜಿ, ಕಾಯಿ ಮರ್ತೋಯ್ತಾ?" ಎಂದು ಕೇಳಿದ. ಅವನ ಮನೆಯಲ್ಲಿ ಮರವಿರಬೇಕು.

ನೀನು ನಡೆಯುವಾಗ ಚಪ್ಪಲಿ ಹಾಕಿಕೊ. ಭಕ್ತಿ ಕಾಲಿಗೆ ಬೇಡ.

ಅವ್ವ

*

ಕಳಸವಳ್ಳಿ
28 ಸೆಪ್ಟೆಂಬರ್ 2025

ಅವ್ವ,

ಒಪ್ಪೊತ್ತು ಬಿಡು. ದಯವಿಟ್ಟು ಬಿಡು. ಐವತ್ತೆಂಟು ವರ್ಷಕ್ಕೆ, ದೊಡ್ಡ ಪಾತ್ರೆ ಎತ್ತಿ ಇಳಿಸುವವಳು ನೀನು. ಈಗ ದಸರಾ ರಜೆಯಲ್ಲಿ ಶಾಲೆಯೂ ಇಲ್ಲ, ಮಧ್ಯಾಹ್ನ ಎಲ್ಲಿ ಉಣ್ಣುತ್ತೀಯ? ನನಗೋಸ್ಕರ ಯಾರೂ ಉಪವಾಸ ಮಾಡುವುದು ಬೇಡ. ದೇವಿಗೆ ನಾನೊಬ್ಬಳೇ ಸಾಕು.

ನವರಾತ್ರಿಯಲ್ಲಿ ಇಲ್ಲಿ ವಿಪರೀತ ಜನ. ಸುಮ್ಮನೆ ಕೂತು ಉಣ್ಣಲು ಮನಸ್ಸಾಗದೆ ಬೇಗ ಹೋಗಿ ತರಕಾರಿ ಹೆಚ್ಚಲು ಕೂರುತ್ತೇನೆ. ಒಂದು ಗುಡ್ಡೆ ಕುಂಬಳಕಾಯಿ. ಹೆಚ್ಚುತ್ತಿದ್ದರೆ ಕೈ ಬೇರೆ ಯಾರದೋ ಅನ್ನಿಸುತ್ತದೆ. ನಿನ್ನೆ ಹಾಗೇ ತೂಕಡಿಕೆ ಬಂತು. ಲಾಂಚು ನಿಲ್ಲುತ್ತಿದ್ದ ಹೊಳೆಬಾಗಿಲ ಕಡೆಯಿಂದ ಲಾಂಚು ಬಂತು, ಅದರ ಮೇಲೆ ನಮ್ಮ ಅಂಗಡಿಯೊಂದೇ ಇತ್ತು. ಇವರು ಬಜ್ಜಿ ಕರಿಯುತ್ತಿದ್ದರು. ಎಣ್ಣೆ ಬಾಣಲೆಯ ಅಂಚಿನವರೆಗೆ ತುಂಬಿತ್ತು, ಚೆಲ್ಲಿದರೂ ಇವರಿಗೆ ಚಿಂತೆಯಿಲ್ಲ. ಅಷ್ಟು ಎಣ್ಣೆ ನೋಡಿ ನನಗೆ ಅಳು ಬಂತು. ಪಕ್ಕದ ಹೆಂಗಸು "ಎಂತ ಮಾರಾಯ್ತಿ, ಈರುಳ್ಳಿ ಇಲ್ಲೆಲ್ಲೂ ಇಲ್ವಲ್ಲ?" ಎಂದಳು.

ಅವ್ವ, ರಾತ್ರಿ ಒಂದು ಮುಷ್ಟಿಯಾದರೂ ಉಣ್ಣು. ನನ್ನಾಣೆ.

ಸುಪ್ರಿಯಾ

*

ಸರ್ಕಾರಿ ಪ್ರಾಥಮಿಕ ಶಾಲೆ
14 ನವೆಂಬರ್ 2025

ಸುಪ್ರಿಯಾ ಅವರಿಗೆ,

ನಾನು ಶಿಲ್ಪಶ್ರೀ. ನಿಮ್ಮ ತಾಯಿ ಅಡುಗೆ ಮಾಡುವ ಶಾಲೆಯ ಶಿಕ್ಷಕಿ. ನಾವು ಭೇಟಿಯಾಗಿಲ್ಲ. ಫೋನಿನಲ್ಲಿ ಮೂರು ದಿನ ಪ್ರಯತ್ನಿಸಿ, ವಿಳಾಸವನ್ನು ಪೂರ್ಣೇಶ್ ಅವರಿಂದ ಪಡೆದು ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ವೆಂಕಮ್ಮನವರು ಒಲೆಯ ಮುಂದೆ ತಲೆ ಸುತ್ತಿ ಬಿದ್ದರು. ಬೇಳೆಯ ಪಾತ್ರೆ ಆಚೆ ಕಡೆಗೆ ಮಗುಚಿತು, ಅವರ ಮೇಲೆ ಬೀಳಲಿಲ್ಲ. ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ರಕ್ತ ಕಡಿಮೆಯಿದೆ, ಮೂರು ಹೊತ್ತು ಉಣ್ಣಬೇಕು ಎಂದರು ಡಾಕ್ಟರು. ಇವರು ಒಪ್ಪುತ್ತಿಲ್ಲ. "ಮಗ್ಳ ಹರ್ಕೆ ಅದೆ ಮೇಡಂ, ಅದು ಮುಗಿಯೋ ತನ್ಕ ನಾನು ರಾತ್ರಿ ಬಾಯಿಗೆ ಹಾಕಲ್ಲ" ಎನ್ನುತ್ತಾರೆ. ಪೂರ್ಣೇಶ್ ಬೇಡಿಕೊಂಡರು, ಬೈದರು, ಏನೂ ಆಗಲಿಲ್ಲ. ಇನ್ನೊಮ್ಮೆ ಹೀಗಾದರೆ ಬೆಂಕಿಯ ಹತ್ತಿರ ಅವರನ್ನು ಬಿಡುವುದು ಸಾಧ್ಯವಿಲ್ಲ, ಬೇರೆಯವರನ್ನು ಹುಡುಕಬೇಕಾಗುತ್ತದೆ. ಮಕ್ಕಳು ಈಗಲೇ ಅಜ್ಜಿ ಎಲ್ಲಿ ಎಂದು ಕೇಳುತ್ತಿವೆ.

ಹರಕೆ ಹೊತ್ತವರು ನೀವು. ನೀವು ಹೇಳಿದರೆ ಮಾತ್ರ ಕೇಳುತ್ತಾರೆ ಎಂದು ನನಗೆ ತೋರುತ್ತದೆ.

ಶಿಲ್ಪಶ್ರೀ

*

ಕಳಸವಳ್ಳಿ
17 ನವೆಂಬರ್ 2025

ಅವ್ವ,

ಈ ಕಾಗದ ಓದುವ ಮೊದಲು ಏನಾದರೂ ತಿನ್ನು. ತಿಂದಾಯಿತೇ? ಈಗ ಓದು.

ಹರಕೆ ಇಲ್ಲ. ಯಾವತ್ತೂ ಇರಲಿಲ್ಲ. ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ, ಆಗಸ್ಟ್ ಇಪ್ಪತ್ತರದ್ದು. ಆವತ್ತೇ ಅಂಚೆಗೆ ಹಾಕಬೇಕಿತ್ತು. ಅದರಲ್ಲಿ ಎಲ್ಲ ಇದೆ, ಎರಡನೆಯ ಸಲ ಬರೆಯುವ ಧೈರ್ಯ ನನಗಿಲ್ಲ. ನಾನು ದೇವಸ್ಥಾನಕ್ಕೆ ಹೋಗುವುದು ಉಣ್ಣುವುದಕ್ಕೆ. ನೀನು ನನ್ನ ಹೊಟ್ಟೆಗೋಸ್ಕರ ನಿನ್ನ ಹೊಟ್ಟೆ ಕಟ್ಟಿದೆ, ನಾನು ಅಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ. ಟೀಚರ ಕಾಗದ ಓದಿದ ದಿನವೂ ಹೋಗಿದ್ದೆ. ಎಲೆಯ ಮುಂದೆ ಕೂತೆ. ಅನ್ನ ಬಂತು, ಸಾರು ಬಂತು, ಕೈ ಏಳಲಿಲ್ಲ. ಬಡಿಸುವವರು "ಯಾಕ್ರೀ, ಹುಷಾರಿಲ್ವಾ?" ಎಂದರು. ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಕಾಲು ತೊಳೆಯದೆ ಸಿಮೆಂಟಿನ ಕಾಲಲ್ಲೇ ಹೊಸ್ತಿಲ ಮೇಲೆ ಕೂತರು. "ಒಂದೆಲಗದ ತಂಬುಳಿ ಅಂದಿದ್ದು ಸುಳ್ಳಾ?" ಎಂದರು. ಹೌದೆಂದೆ. "ಬಾಳೆದಿಂಡಿನ ಪಲ್ಯ?" ಅದೂ ಎಂದೆ. "ಅವತ್ತು ನೀ ಹೇಳಿದ್ ಕೇಳೇ ನಂಗೆ ಹಸಿವಾಗಿತ್ತು ಕಣೆ" ಎಂದರು. 

ಒಂದು ಮಾತು ಆ ಹಳೆಯ ಕಾಗದದಲ್ಲಿ ಇಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಮಗು ಬೇಡವೆಂದಲ್ಲ ಅವ್ವ. ನೀನು ಕೌದಿಯ ವಿಷಯ ಬರೆದ ದಿನ ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಡೆಯುವಾಗ ನನ್ನ ಬೆರಳು ಹಿಡಿದು ಯಾರೋ ಪಕ್ಕದಲ್ಲಿ ಬರುತ್ತಿದ್ದ ಹಾಗಿರುತ್ತಿತ್ತು. ಅದರ ಹೆಜ್ಜೆಗೆ ಸರಿಯಾಗಿ ನಾನು ನಿಧಾನ ನಡೆಯುತ್ತಿದ್ದೆ. ಆದರೆ ಮೂರು ತಿಂಗಳಲ್ಲಿ ಒಂದು ದಿನವೂ ದೇವಿಯ ಮುಂದೆ ಅದನ್ನು ಬೇಡಲಿಲ್ಲ. ನಾಚಿಕೆಯಾಗುತ್ತಿತ್ತು. ಅನ್ನಕ್ಕೆ ಬಂದು ಕೂತವಳು ಇನ್ನೊಂದನ್ನು ಹೇಗೆ ಕೇಳಲಿ? ಬಾಗಿಲ ಹತ್ತಿರ ನಿಂತು ಕೈಮುಗಿದು ಊಟದ ಮನೆಗೆ ಹೋಗಿಬಿಡುತ್ತಿದ್ದೆ.

ಬೈದು ಬರೆ. ಆದರೆ ರಾತ್ರಿ ಉಂಡು ಬರೆ.

ನಿನ್ನ
ಸುಪ್ರಿಯಾ

*

ಕವಲೇದುರ್ಗದ ಕೆಳಗಿನ ಊರು
25 ನವೆಂಬರ್ 2025

ಸುಪ್ರಿಯಾ,

ಎರಡೂ ಕಾಗದ ಓದಿದೆ. ಮೊದಲು ಬೈಗುಳ ತೆಗೆದುಕೊ. ಸುಳ್ಳಿಗಲ್ಲ. ಹಸಿವಾದರೆ ಅವ್ವನಿಗೆ ಹೇಳಬಾರದು ಎಂದು ನಿನಗೆ ಕಲಿಸಿದವರು ಯಾರು? ಮದುವೆಯ ಹೊತ್ತಿನಲ್ಲಿ ಸಾವಿರ ಮಾತು ಬಂದು ಹೋಗುತ್ತವೆ. ಅದನ್ನು ಐದು ವರ್ಷ ಕಟ್ಟಿಕೊಂಡು ತಿರುಗುತ್ತಾರೆಯೇ? ನಾನು ಅಂದದ್ದು ತಪ್ಪು. ನಿನ್ನ ಗಂಡ ನಿರಂಜನ ಕೈಕಟ್ಟಿ ಕೂತವರಲ್ಲ, ಅಂಗಡಿ ಹೋದರೆ ಗಾರೆ ಹೊತ್ತರು. ಅವರಿಗೆ ನಾನು ಹೀಗೆಂದೆ ಎಂದು ಓದಿ ಹೇಳು.

ಇನ್ನು ನನ್ನದು. ಇದನ್ನು ಪೂರ್ಣೇಶನಿಗೆ ತೋರಿಸಬೇಕಿಲ್ಲ, ಅವನಿಗೆ ನಾನೇ ಹೇಳಿದ್ದೇನೆ.

ನಾನು ರಾತ್ರಿ ಊಟ ಬಿಟ್ಟದ್ದು ಸೆಪ್ಟೆಂಬರಿನಲ್ಲಲ್ಲ. ಆಷಾಢದಲ್ಲಿ. ಸುಬ್ಬಪ್ಪ ನಿನ್ನನ್ನು ನೋಡುವುದಕ್ಕೂ ಮೊದಲು. ನಿನ್ನ ಅತ್ತಿಗೆ ಅನ್ನದ ಪಾತ್ರೆ ಕೆರೆಯುವ ಸದ್ದು ಒಂದು ರಾತ್ರಿ ನನಗೆ ಕೇಳಿತು. ಅವಳ ಮಕ್ಕಳಿಬ್ಬರೂ ಬೆಳೆಯುವ ವಯಸ್ಸಿನವರು, ಕಲ್ಲು ಕೊಟ್ಟರೂ ಕರಗಿಸುತ್ತವೆ. ನನಗೆ ಶಾಲೆಯಲ್ಲಿ ಮಧ್ಯಾಹ್ನ ಹೇಗೂ ಆಗುತ್ತದೆ. ಮಾರನೆಯ ದಿನದಿಂದ ಹೊಟ್ಟೆ ಸರಿಯಿಲ್ಲ ಎಂದೆ, ಹಸಿವಿಲ್ಲ ಎಂದೆ. ಒಂದು ತಿಂಗಳಲ್ಲಿ ಹೇಳಲು ನೆಪಗಳೇ ಮುಗಿದವು. ಪೂರ್ಣೇಶ ಆಸ್ಪತ್ರೆಗೆ ನಡಿ ಎಂದು ಹಟ ಹಿಡಿದಿದ್ದ. ಅಷ್ಟರಲ್ಲಿ ನಿನ್ನ ಹರಕೆ ಬಂತು. ನನಗೆ ಬದುಕಿಕೊಂಡ ಹಾಗಾಯಿತು. ಹಸಿದಿರುವುದಕ್ಕೆ ಒಂದು ಮರ್ಯಾದೆಯ ಹೆಸರು ಸಿಕ್ಕಿತು. ಊರೆಲ್ಲ ನನ್ನನ್ನು ಹೊಗಳಿತು, ನಾನು ಹೊಗಳಿಸಿಕೊಂಡೆ.

ನಿನ್ನ ಕಾಗದವನ್ನು ಜಗಲಿಯಲ್ಲಿ ಎಲ್ಲರ ಮುಂದೆ ಓದಿದೆ. ನನ್ನದನ್ನೂ ಹೇಳಿದೆ. ಪೂರ್ಣೇಶ ಗೋಡೆಯ ಕಡೆ ತಿರುಗಿ ಕೂತ. ನಿನ್ನ ಅತ್ತಿಗೆ ಒಳಗೆ ಹೋದವಳು ತಟ್ಟೆ ತಂದು ನನ್ನ ಮುಂದಿಟ್ಟಳು. "ನಂ ಮನೇಲಿ ಕಮ್ಮಿ ಆದ್ರೆ ಎಲ್ರಿಗೂ ಕಮ್ಮಿ ಆಗ್ಲಿ ಅತ್ತೆ. ನೀವೊಬ್ರೇ ಯಾಕೆ?" ಎಂದಳು. ಅನ್ನ, ಕೆಸುವಿನ ಸೊಪ್ಪಿನ ಸಾರು. ಐದು ತಿಂಗಳಾಗುತ್ತ ಬಂದಿತ್ತು ರಾತ್ರಿ ಬಿಸಿ ಅನ್ನ ಮುಟ್ಟದೆ. ಉಣ್ಣುತ್ತಿದ್ದಾಗ ಮೊಮ್ಮಕ್ಕಳಿಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದವು. ನನಗೆ ಅಳು ಬಂತು, ಅತ್ತುಕೊಂಡೇ ಎರಡನೆಯ ಸಲ ಹಾಕಿಸಿಕೊಂಡೆ. ಈಗ ದಿನಾ ಉಣ್ಣುತ್ತಿದ್ದೇನೆ. ಬರುವ ತಿಂಗಳು ಶಾಲೆಯ ಒಲೆಯ ಮುಂದೆ ಹೋಗಬಹುದು ಎಂದು ಶಿಲ್ಪಶ್ರೀ ಮೇಡಂ ಹೇಳಿದ್ದಾರೆ.

ಒಂದು ನಿಜ ನಿನಗೆ ಮಾತ್ರ ಬರೆಯುತ್ತೇನೆ. ಇಷ್ಟು ದಿನ ದೀಪ ಹಚ್ಚಿ ಕೂತೆನಲ್ಲ, ಬಾಯಲ್ಲಿ ನಿನ್ನ ಹೆಸರು ಹೇಳುತ್ತಿದ್ದೆ. ಮನಸ್ಸು ಮಾತ್ರ ಗ್ಯಾಸು ತಿಂಗಳ ಕೊನೆವರೆಗೆ ಬರಲಿ, ಬೇಳೆ ಇನ್ನೂ ಏರದಿರಲಿ ಎನ್ನುತ್ತಿತ್ತು. ಕೌದಿ ಹೊಲಿದೆ, ಕನಸು ಕಂಡೆ, ಆದರೆ ಬೇಡಲು ಕೂತಾಗ ನನಗೂ ಅಕ್ಕಿಯೇ ನೆನಪಾಗುತ್ತಿತ್ತು. ನೀನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಪಾಪ, ಆ ಮಗುವಿನ ಪರವಾಗಿ ಇನ್ನೂ ಯಾರೂ ದೇವಿಯ ಹತ್ತಿರ ಬಾಯೇ ಬಿಟ್ಟಿಲ್ಲ.

ಭಾನುವಾರ ಪೂರ್ಣೇಶ ತೀರ್ಥಹಳ್ಳಿಯವರೆಗೆ ಬಿಡುತ್ತಾನೆ. ಅಲ್ಲಿಂದ ಹೊಸನಗರದ ಮೇಲೆ ಸಾಗರಕ್ಕೆ ಬಂದು, ಸಿಗಂದೂರು ಬಸ್ಸು ಹತ್ತಿ, ಮಧ್ಯಾಹ್ನದೊಳಗೆ ಬರುತ್ತೇನೆ. ನಿರಂಜನರಿಗೆ ಅವತ್ತೊಂದು ದಿನ ಕೆಲಸ ಬೇಡವೆನ್ನು. ನನಗಾಗಿ ಏನೂ ಮಾಡಿಡಬೇಡ. ದೇವಸ್ಥಾನದಲ್ಲಿ ಮೂವರೂ ಒಂದೇ ಪಂಕ್ತಿಯಲ್ಲಿ, ಬಾಗಿಲಿಗೆ ಎದುರಾಗಿ, ಯಾರು ಬೇಕಾದರೂ ನೋಡಲಿ, ಕೂತು ಹೊಟ್ಟೆ ತುಂಬ ಉಣ್ಣೋಣ. ಪಾಯಸ ಬರುವ ತನಕ ಏಳಬಾರದು. ಆಮೇಲೆ ಕೈ ತೊಳೆದು ಒಳಗೆ ಹೋಗಿ ಕೇಳೋಣ.

ಅವ್ವ